ಎರಡಿಪ್ಪತ್ತರ ಮ್ಯಾಲ ಹತ್ತು

ಕುತೈಸಿ ಊರಿನ ಸಂತಿಗೆ ಛಾವಣಿ ಐತಿ, ಗ್ವಾಡಿ ಐತಿ,
ಬಾಗಲದಾಗ ಮುಳ್ಳು ಸೊಟ್ಟಾದ ತಕ್ಕಡಿ.
ಶನಿವಾರ ಮುಂಜಾನೆ ಏಳಕ್ಕ
ಎರಡು ಚೀಲ ಮಡಚಿಕೊಂಡು ಹೊಕ್ಕೀನಿ.
ಹಾಸ್ಟೆಲಿನಾಗ ನಲವತ್ತೆರಡು ಹೊಟ್ಟಿ,
ಡಾಕ್ಟರಾಗಾಕ ಬಂದ ಹುಡುಗರು,
ತಮಗ ನೆಗಡಿ ಆದ್ರ ನನ್ನ ಕೇಳತಾರ: ಆಂಟಿ, ಕಷಾಯ.

ಅಕ್ರೋಟ ದಾರಕ್ಕ ಪೋಣಿಸಿ
ದ್ರಾಕ್ಷಿ ರಸದಾಗ ಅದ್ದಿ ಜೋತುಬಿಟ್ಟಾರ.
ಮೊದಲ ಸಲ ಮೇಣಬತ್ತಿ ಅಂತ ತಿಳದು
ಕರೆಂಟು ಹೋದ ರಾತ್ರಿಗೆ ಇರಲಿ ಅಂತ ಎರಡು ಕೇಳಿದ್ದೆ,
ಹಚ್ಚೂದು ಹೆಂಗ ಅಂತ ಕೈಸನ್ನಿ ಮಾಡಿ.
ಇಡೀ ಸಾಲು ನಕ್ಕಿತ್ತು.
ಆವತ್ತಿನಿಂದ ಅಲ್ಲಿ ನನಗ ಒಂದು ಹೆಸರಾತು.

ಮೂಲ್ಯಾಗ ಒಬ್ಬಾಕಿ
ಗೋವಿನಜೋಳದ ಹಿಟ್ಟು ನಾದಿ ಅಂಗೈಯಾಗ ತಟ್ಟತಾಳ.
ಸಪ್ಪಳಕ್ಕ ಕಾಲು ತಾವ ನಿಂತುವು.
ದಪ್ಪ ಆತು, ಅನಿಸ್ತು.
ತೆಳ್ಳಗ ಬಡೀ ಅನ್ನಾಕ ಮಾತು ಬರಲಿಲ್ಲ,
ಬಂದಿದ್ರೂ ಅನ್ನಬಾರದು.
ಒಬ್ಬರ ರೊಟ್ಟಿಗೆ ಇನ್ನೊಬ್ಬರು ಬಾಯಿ ಹಾಕಬಾರದು.

ಇಲ್ಲಿ ಲೆಕ್ಕ ಇಪ್ಪತ್ತರ ಮ್ಯಾಲ ನಡೀತೈತಿ.
ನಲವತ್ತಂದ್ರ ಎರಡಿಪ್ಪತ್ತು,
ಐವತ್ತಂದ್ರ ಎರಡಿಪ್ಪತ್ತರ ಮ್ಯಾಲ ಹತ್ತು,
ತೊಂಬತ್ತು ಮುಟ್ಟೂದ್ರಾಗ ನನಗ ದಮ್ಮು ಹತ್ತತೈತಿ.
ನಮ್ಮ ಆಯಿನೂ ಹಿಂಗ ಎಣಿಸ್ತಿದ್ಲು:
ಕುಳ್ಳು, ಕೌದಿಯ ತ್ಯಾಪಿ, ಕೊಟ್ಟ ಕಡ,
ಒಂದಿಪ್ಪತ್ತು, ಮತ್ತೊಂದಿಪ್ಪತ್ತು.
ಸಾಲಿ ಕಲ್ತ ನಾವು ನಗತಿದ್ವಿ.
ಎತೆರಿಯ ಮುಂದ ಬಟ್ಟು ಮಡಚಿ ನಿಂತು
ಇವತ್ತು ನಾ ಹತ್ತು ಕಡಿಮಿ ಕೊಟ್ಟೆ.
ಆಕಿ ನಗಲಿಲ್ಲ.
ನನ್ನ ಕೈ ಹಿಡದು ಬಟ್ಟು ಒಂದೊಂದ ಬಿಡಿಸಿದ್ಲು.

ಆಮ್ಯಾಲ ಮಣ್ಣಬಣ್ಣದ ಪುಡಿ ಒಂದು ಚಿಟಿಕಿ
ಅದ ಅಂಗೈಗೆ ಹಾಕಿದ್ಲು. ಮೂಸಿದೆ.
ಮೆಂತೆ!
ಅಲ್ಲ, ಮೆಂತೆಯ ತಂಗಿ,
ಬಣವಿಯಾಗ ಅಡಗಿ ಕುಂತು ಎದ್ದು ಬಂದಾಕಿ.
ಹೆಸರು? ಉತ್ಸ್‌ಖೋ ಸುನೆಲಿ.
ಜೋಡಿ ಬಂದಿದ್ದ ಜಿನ್ಸಿ, ಮೂರನೇ ವರ್ಷದಾಕಿ,
ಪೇಷಂಟಿನ ಹೊಟ್ಟಿ ಒತ್ತಿ
ಎಲ್ಲಿ ನೋವು ಅಂತ ಕೇಳಾಕ ಈ ಭಾಷಾ ಕಲ್ತಾಕಿ,
ತಡಕಾಡಿ ಹೇಳಿದ್ಲು:
ಪರದೇಶದ ವಾಸನಿ, ಆಂಟಿ.

ಯಾವಾಗ ಬಂತಂತ?
ಎತೆರಿ ಹೆಗಲು ಹಾರಿಸಿದ್ಲು.
ಅಜ್ಜಿಯ ಬೇಲಿಗುಂಟ ಇತ್ತಂತ, ಅಜ್ಜಿಯ ಅಜ್ಜಿಗೂ ಗೊತ್ತಿತ್ತಂತ.
ಅಷ್ಟು ದಿನ ಈ ಮಣ್ಣು ತಿಂದು, ಈ ಮಂಜು ಕುಡದು,
ಈ ಮಂದಿ ಗಡಿಗ್ಯಾಗ ಕುದ್ದು ಕುದ್ದು
ಇನ್ನೂ ಪರದೇಶಿ.
ನಮ್ಮ ಕಡೆ ಆ ಮಾತಿಗೆ
ದಿಕ್ಕಿಲ್ಲದ ಕೂಸು ಅಂತಾನೂ ಅರ್ಥ.
ಜಿನ್ಸಿಗೆ ಅದನ್ನ ಹೇಳಲಿಲ್ಲ.

ನಮ್ಮ ಮೆಸ್ಸಿನ ಮ್ಯಾಲಿನ ಮನಿಯಾಕಿ
ಒಗ್ಗರಣಿ ಚಟ್ ಅಂದ ಕೂಡಲೇ ಕಿಡಕಿ ತಗೀತಾಳ,
ನನಗ ಕೇಳೂ ಹಂಗ.

ಎತೆರಿಯ ಮಗಳು ಇಟಲಿಯಾಗ, ಬಾರಿಯೊಳಗ,
ಯಾರದೋ ಮುದುಕಿಯ ಮೈ ತೊಳಿಯೂ ಕೆಲಸ.
ಬಸ್ಸಿನ ಡ್ರೈವರನ ಕೈಯಾಗ
ಇದ ಪುಡಿ ಉಣ್ಣಿ ಕಾಲುಚೀಲದಾಗ ಸುತ್ತಿ ಕಳಸತಾಳಂತ.
ಅಲ್ಲಿ ಅದಕ್ಕ ಏನಂತಾರೋ.
ಕೇಳಾಕ ಹೋದೆ, ಗಿರಾಕಿ ಬಂತು.
ತೂಗಿದ ಮ್ಯಾಲ ಒಂದು ಹಿಡಿ ಕೊಸರು ಹಾಕಿದ್ಲು.

ವ್ಯಾನಿನಾಗ ಚೀಲ ತೊಡಿಮ್ಯಾಲ.
ಬಾಜೂಕ ಕುಂತ ಮುದುಕ
ಬಾಗಿ ಮೂಸಿ, ಏನೋ ಅಂದ.
ಬೈದನೋ, ಹೊಗಳಿದನೋ.
ಇವರ ಭಾಷಾದಾಗ ಹೌದು ಅನ್ನೂದಕ್ಕ ಹೋ.
ನಮ್ಮ ಓಣ್ಯಾಗ ಯಾರರ ಕೂಗಿದ್ರ
ಒಳಗಿಂದ ಹಂಗ ಓಗೊಡತೀವಿ.
ಹೋ, ಅಂದೆ.
ಚೀಲದ ಬಾಯಿ ಕಟ್ಟಲಿಲ್ಲ.