ಎಂಟನೇ ಪ್ಯಾರಾ

ಶಿವನಂಜು ಕಳಿಸಿದ ಸುದ್ದಿಗೆ ಕೆಸರಿನ ವಾಸನೆಯಿತ್ತು.
ಕೊಪ್ಪಲಿನ ಕೆರೆಯಲ್ಲಿ ಬೆಳಗಾಗುವಷ್ಟರಲ್ಲಿ
ಹೊಟ್ಟೆ ಮೇಲಾಗಿ ತೇಲಿದ ಕಾಟ್ಲಾ, ರೋಹು, ಜಿಲೇಬಿ;
ಆಲೆಮನೆ ಕೊಪ್ಪರಿಗೆಯ ತಳದಂತೆ ಕಪ್ಪಾದ ನೀರು;
ಮುಳ್ಳುಪೊದೆಯ ಹಿಂದೆ ಡಿಸ್ಟಿಲರಿಯ ಪೈಪು.
ಪೈಪಿನ ಅಗಲವನ್ನು ಗೇಣಲ್ಲಿ ಅಳೆದು ಬರೆದಿದ್ದ.

ನಾಲ್ಕು ಕಾಲಂ, ದಪ್ಪಕ್ಷರ, ನಾನೇ ಕೂರಿಸಿದ್ದೆ:
ಕಾರ್ಖಾನೆ ಕೊಳೆನೀರಿಗೆ ಕೆರೆಯ ಮೀನು ಬಲಿ

ಹನ್ನೊಂದೂ ಮುಕ್ಕಾಲಿಗೆ ಫೋನು.
ಎಂ.ಡಿ. ಸಾಹೇಬರು ಯಾವತ್ತೂ ಗದರುವವರಲ್ಲ.
‘ಊಟ ಆಯ್ತಾ? ಮಗಳ ಸೀಟು ನಮ್ಮ ಕಾಲೇಜಲ್ಲೇ ಆಯ್ತಲ್ಲ?
ಸುದ್ದಿ ಹಾಕ್ರಿ, ಯಾರು ಬೇಡ ಅಂದ್ರು.
ಹೆಡ್ಡಿಂಗು ಒಂಚೂರು ಮೆತ್ತಗಿರಲಿ.’
ಪತ್ರಿಕೆ ಅವರದು. ಡಿಸ್ಟಿಲರಿ ಅವರ ಭಾವಮೈದುನರದು.
ನನ್ನ ಕುರ್ಚಿಯ ಕುಶನ್ನೂ ಮೆತ್ತಗೇ ಇದೆ.

ಮೊದಲು ಕಾರ್ಖಾನೆ ತೆಗೆದೆ.
ಕನ್ನಡ ಎಂಥ ಸಹನೆಯ ಭಾಷೆ:
ಕರ್ತೃವಿಲ್ಲದೆಯೂ ವಾಕ್ಯ ನಿಲ್ಲುತ್ತದೆ, ಕುಂಟುವುದಿಲ್ಲ.
ಆಮೇಲೆ ಕೊಳೆನೀರು. ಅದರ ಜಾಗಕ್ಕೆ ‘ನಿಗೂಢ’,
ಮೂರೇ ಅಕ್ಷರ, ಎಷ್ಟೆಲ್ಲ ಹೂಳಬಹುದು ಅದರಲ್ಲಿ!
ಕೊನೆಗೊಂದು ಪ್ರಶ್ನೆಚಿಹ್ನೆ:
ತಲೆಕೆಳಗಾದ ಗಾಳ, ತುದಿಗೆ ಚುಕ್ಕಿಯಷ್ಟು ಎರೆ.

ಕೆರೆಯ ಮೀನಿಗೆ ನಿಗೂಢ ರೋಗ?

ಒಳಗೆ ಒಂದಕ್ಷರ ಮುಟ್ಟಲಿಲ್ಲ, ಆಣೆ.
ಎಂಟನೇ ಪ್ಯಾರಾದಲ್ಲಿ ಪೈಪು, ಗೇಣಿನ ಸಮೇತ, ಇದ್ದಲ್ಲೇ ಇದೆ.
ಅದರ ಕೆಳಗೆ ಅರ್ಧ ಪುಟ ಡಿಸ್ಟಿಲರಿಯ ಬೆಳ್ಳಿಹಬ್ಬ,
ಸಸಿ ನೆಡುತ್ತಿರುವ ಭಾವಮೈದುನ, ನಾಲ್ಕು ಬಣ್ಣದ ನಗು.
ಒಳಗೆ ಮುಟ್ಟಲಿಲ್ಲ, ಒಳಗೆ ಮುಟ್ಟಲಿಲ್ಲ ಎನ್ನುತ್ತ
ಮಂಡ್ಯದ ನೂರಡಿ ರಸ್ತೆಯ ಖಾಲಿ ಉದ್ದಕ್ಕೂ
ಸ್ಕೂಟರ್ ಓಡಿಸಿದೆ.

ಶಿವನಂಜು ಫೋನೇ ಮಾಡಲಿಲ್ಲ.
ಸೆಂಟಿಮೀಟರಿಗೆ ಇಷ್ಟು ಎಂದು ಎಣಿಸಿಕೊಳ್ಳುವವನು;
ಸುದ್ದಿ ಉದ್ದವಾಗಿಯೇ ಬಂದಿತ್ತು.

ಮೂರನೇ ದಿನ ಆಫೀಸಿಗೆ ಬಂದವಳು ಸಣ್ಣತಾಯಮ್ಮ,
ಕೆರೆಯ ಪಾಶುವಾರು ಹಿಡಿದವಳು.
ಸೆರಗಿನಲ್ಲಿ ಮಡಿಸಿಟ್ಟ ಪುಟ ಬೆವರಿಗೆ ಮೆತ್ತಗಾಗಿತ್ತು.
‘ಮೊಮ್ಮಗ ದಪ್ಪಕ್ಸರ ಓದ್ದ ಸಾ, ಸಣ್ಣವು ಬರಕಿಲ್ಲ ಅಂದ.
ಸಂತೇಲಿ ಈಗ ನನ್ ಬುಟ್ಟಿ ಯಾರೂ ಮುಟ್ಟಕಿಲ್ಲ.
ಬ್ಯಾರೆ ಕೆರೇದು ಕಣ್ರವ್ವಾ ಅಂದ್ರೂ
“ರೋಗದ್ ಮೀನು” ಅಂತ ಮಕ್ಳ ಕೈ ಹಿಡ್ದು ಎಳ್ಕೊಂಡೋಯ್ತವ್ರೆ.
ಅದ್ ಯಾವ್ ರೋಗ ಅಂತ ಒಸಿ ಯೋಳಿ,
ಔಸ್ದಿ ತಕ್ಕೊಂಡೋಯ್ತೀನಿ.’

ಕುಹಕವೋ, ನಿಜಕ್ಕೂ ಕೇಳಿದಳೋ.
ಪುಟ ಬಿಡಿಸಿ, ಮೇಜಿನ ಮೇಲೆ ಸವರಿ,
ಎಂಟನೇ ಪ್ಯಾರಾದ ಮೇಲೆ ಬೆರಳಿಟ್ಟೆ.
ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು.