ಹೊನ್ನೂರ್‌ಸಾಬ್ ಹೊಲಿದ ಒರೆ

ಕ್ಯಾಶ್ ವ್ಯಾನಿನ ಕಂಪನಿ ಕೊಟ್ಟದ್ದು ಒಂದು ಟೋಪಿ, ಒಂದು ಸೀಟಿ, ಎರಡು ಅಂಗಿ.
ರಿವಾಲ್ವರ್ ನನ್ನದೇ, ಲೈಸೆನ್ಸೂ ನನ್ನದೇ,
ಅದು ಎದ್ದು ಕಾಣಬೇಕೆಂಬ ರೂಲು ಮಾತ್ರ ಅವರದು:
ಸೊಂಟದ ಹೊರಗೆ, ಬಲಕ್ಕೆ, ಅಂಗಿ ಒಳಗೆ ಸಿಕ್ಕಿಸಿ.

ಮೊದಲು ಕೊಂಡದ್ದು ನೈಲಾನಿನದು, ಮುನ್ನೂರೈವತ್ತು.
ಎಲ್ಲ ಗನ್ನಿಗೂ ಆಗತೈತಿ ಅಂದ ಅಂಗಡಿಯವ.
ಎಲ್ಲರಿಗೂ ಆಗುವ ಚಪ್ಪಲಿ ಯಾರ ಕಾಲಿಗೆ ಆದೀತು?
ಮೋಕಾ ರಸ್ತೆಯ ಎಟಿಎಂ ಮುಂದೆ ಬಗ್ಗಿದಾಗ
ಚೀಲದ ಬಾಯಿ ಮಡಚಿ ಹಿಡಿಕೆ ಹೊರಗೆ ವಾಲಿ,
ಹಿಂದೆ ನಿಂತ ಹುಡುಗ 'ಅಂಕಲ್, ನಿಮ್ದು ಬೀಳ್ತದ' ಅಂದ,
ಜೇಬಿನ ಪೆನ್ನು ಬೀಳುತ್ತದೆ ಅನ್ನುವ ದನಿಯಲ್ಲಿ.

ಫೋನಿನಲ್ಲಿ ಕಂಡ ಗಟ್ಟಿ ಪ್ಲಾಸ್ಟಿಕ್ಕಿನದಕ್ಕೆ ಎರಡೂವರೆ ಸಾವಿರ,
ನನ್ನ ಐದು ಹಗಲು.
ಅದೂ ಯಾವುದೋ ದೇಶದ ಯಾವುದೋ ಗನ್ನಿನ ಅಳತೆ.

ಕೌಲ್ ಬಜಾರಿನ ಹೊನ್ನೂರ್‌ಸಾಬ್
ಟಾಂಗಾ ಓಡುತ್ತಿದ್ದ ಕಾಲಕ್ಕೆ ಕುದುರೆಗೆ ಸರಂಜಾಮು ಹೊಲಿದವ,
ಈಗ ಆಟೋ ಸೀಟಿಗೆ ಕವರು.
ಕಾಡತೂಸು ತೆಗೆದು, ಖಾಲಿ ಮನೆ ತೋರಿಸಿ ಮುಂದಿಟ್ಟೆ.
ಮುಟ್ಟಲಿಲ್ಲ. ಪಾದದ ಅಳತೆ ತೆಗೆಯುವ ಹಾಗೆ
ರಟ್ಟಿನ ಮೇಲೆ ಸುತ್ತ ಪೆನ್ಸಿಲ್ ಗೆರೆ ಎಳೆದ.
'ಇದನ್ನ ಇಲ್ಲಿ ಬಿಟ್ಟು ಹೋಗಬ್ಯಾಡ. ಕಟಿಗೀದು ಒಂದು ಮಾಡ್ಕೋತೀನಿ.'

ಆಮೇಲೆ ಕೇಳಿದ್ದು ಪೊಲೀಸರೂ ಕೇಳದ ಪ್ರಶ್ನೆ:
ವ್ಯಾನಿನಾಗ ಯಾವ ಮಗ್ಗಲಕ್ಕ ಕುಂದರ್ತಿ?
ಒಂದಕ್ಕ ಹೋದಾಗ ಬೆಲ್ಟು ಎಲ್ಲಿ ಇಡ್ತಿ?
ಓಡೀಯೇನು ಯಾವಾಗರ?

ಓಡಿಲ್ಲ ಅಂದೆ. ಹನ್ನೊಂದು ವರ್ಷ.

ನೆನೆಸಿದ ತೊಗಲು ಕಟ್ಟಿಗೆಗೆ ಹೊದಿಸಿ
ಚಮಚದ ಬೆನ್ನಿನಿಂದ ತಿಕ್ಕಿದ, ತಿಕ್ಕಿದ,
ಗನ್ನಿನ ಕುದುರೆ ಇರುವ ಕಡೆ ಬೆರಳೂರಿ ನಕ್ಕ:
'ಇದಕ್ಕೂ ಒಂದು ಕುದುರಿ ಐತಲ್ಲ.
ಪೂರಾ ಮುಚ್ಚಿರಬೇಕು. ಬಿಗಿ ಇರಬೇಕು, ಆದ್ರ ಕಡೀಬಾರ್ದು.'
ಆರುನೂರೈವತ್ತು. ಐವತ್ತು ಉದ್ರಿ.

ಸುಂಕಮ್ಮ ನೋಡಿದಳು, ನನ್ನನ್ನು ಒಮ್ಮೆ ತಿರುಗಿಸಿದಳು.
'ಒರಿ ಚಂದೈತಿ. ನಿನ್ನ ಬೆಲ್ಟು ಬಡಕಲು.'
ಜೀನ್ಸ್ ಯೂನಿಟ್ಟಿನಲ್ಲಿ ದಿನಕ್ಕೆ ಸಾವಿರ ಲೂಪು ಕೂರಿಸುವವಳು,
ಮಿಕ್ಕ ಡೆನಿಮ್ಮು ನಾಲ್ಕು ಪದರ ಮಡಚಿ
ನನಗೊಂದು ನೀಲಿ ಬೆಲ್ಟು ಹೊಲಿದಳು. ಆಮೇಲೆ ಜೋಲಲಿಲ್ಲ.

ಒಂದು ಮಾತು. ಗನ್ನು ಕಾಣುವಂತೆ ಇಟ್ಟವನ ಮುಖ ಕಾಣುವುದಿಲ್ಲ.
ಮ್ಯಾನೇಜರು ನನ್ನ ಸೊಂಟದ ಜೊತೆ ಮಾತಾಡುತ್ತಾನೆ.
ಮಿರ್ಚಿ ಬಜ್ಜಿಯವ ಸೊಂಟಕ್ಕೆ ಚಿಲ್ಲರೆ ಕೊಡುತ್ತಾನೆ.
ಮೀಸೆ ತೆಗೆದ ದಿನ ಯಾರಿಗೂ ಗೊತ್ತಾಗಲಿಲ್ಲ,
ಸುಂಕಮ್ಮನಿಗೂ ಸಂಜೆಯ ಮೇಲೆ.

ಚುನಾವಣೆ ಬಂತು. ರಿವಾಲ್ವರ್ ಠಾಣೆಗೆ, ರಸೀದಿ ನನ್ನ ಜೇಬಿಗೆ.
ಗನ್ನಿಲ್ಲದ ಗನ್‌ಮ್ಯಾನಿಗೆ ಡ್ಯೂಟಿ ಇಲ್ಲ.
ಲುಂಗಿಯಲ್ಲಿ ಕಾಯಿಪಲ್ಯೆ ತರಲು ಹೋದರೂ
ಬಲಗೈ ಹೋಗಿ ಸೊಂಟದಲ್ಲಿ ಇಲ್ಲದ್ದರ ಮೇಲೆ ಕೂರುತ್ತಿತ್ತು.

ಮೊಳೆಗೆ ತೂಗಿದ್ದ ಒರೆ ಒಂದು ಮುಂಜಾನೆ ಕಾಣಲಿಲ್ಲ.
ಸೀರೆಯ ಮೇಲೆ ನನ್ನ ಬೆಲ್ಟು ಬಿಗಿದು, ಕತ್ತರಿ ಇಳಿಬಿಟ್ಟು
ಯೂನಿಟ್ಟಿಗೆ ಹೋಗಿದ್ದಳು.
ದಿನಕ್ಕೆ ಇನ್ನೂರು ಸಲ ತೆಗೀತೀನಿ, ನೋಡದನ ಹಾಕ್ತೀನಿ ಅಂದಳು ರಾತ್ರಿ,
ಕತ್ತರಿ ಟಕ್ಕಂತ ಕೂರೋದನ್ನು ಎರಡೆರಡು ಸಲ ಕೇಳಿಸಿದಳು.
ನಾನು ಒಂದು ಸಲವೂ ತೆಗೆದಿಲ್ಲ, ತೆಗೆಯುವುದೂ ಬೇಡ.

ಎಣಿಕೆ ಮುಗಿದ ವಾರಕ್ಕೆ ಸಾಮಾನು ವಾಪಸು ಬಂತು.
ಒರೆ ಒಂದು ಕೂದಲೆಳೆ ಸಡಿಲ. ಹೊನ್ನೂರ್‌ಸಾಬ್
'ಮತ್ತ ನೆನಸಿದ್ರಾತು' ಅಂದ, ಉದ್ರಿ ಕೇಳಲಿಲ್ಲ.
ಆ ತಿಂಗಳ ತಪಾಸಣೆಗೆ ಬಂದ ಕಂಪನಿಯ ಸಾಹೇಬ
ನಳಿಕೆಯೊಳಗೆ ಬೆಳಕು ಬಿಟ್ಟು, ಹುಬ್ಬೇರಿಸಿ,
ಚಿಮಟದಿಂದ ಹೊರಗೆಳೆದ
ಒಂದು ಗೇಣು ನೀಲಿ ದಾರ.