ವಾಲ್ಯೂಮ್ ಎರಡರಲ್ಲಿ

ಹತ್ತರವರೆಗೆ ಅಂಕಿಗಳಿವೆ ಗುಂಡಿಯ ಸುತ್ತ.
ಮೂರರಿಂದಾಚೆ ಬಿಳಿ ಬಣ್ಣ ಇನ್ನೂ ಹೊಸದರಂತಿದೆ,
ಬೆರಳು ಆ ಕಡೆ ಹೋದದ್ದೇ ಇಲ್ಲ.

ಕಾಟನ್‌ಪೇಟೆ, ಮೂರನೇ ಮಹಡಿ, ಒಂದೂವರೆ ಕೋಣೆ.
ಆಂಪ್ಲಿಫೈಯರ್ ಕೂತಿರುವುದು ಅಕ್ಕಿ ಡಬ್ಬದ ಪಕ್ಕ.
ಅದರ ಮೇಲೆ ಇಂಚರಳ ಸ್ಕೂಲ್ ಬ್ಯಾಗು,
ಇಸ್ತ್ರಿಗೆ ಕೊಡಬೇಕಾದ ಬಟ್ಟೆ, ಏಲಕ್ಕಿ ಬಾಳೆಯ ಅರ್ಧ ಚಿಪ್ಪು.
ನಲವತ್ತು ವಾಟ್ಸ್. ಸಂಡೆ ಬಜಾರಿನಲ್ಲಿ ಕೊಂಡದ್ದು.
ಮಾರಿದವನು ಕೇಳಿದ್ದ, ಯಜಮಾನ್ರಿಗಾ ಮೇಡಂ?
ಹೌದು ಅಂದಿದ್ದೆ,
ಚೌಕಾಸಿಯ ಹೊತ್ತಲ್ಲಿ ಇನ್ನೊಂದು ಜಗಳ ಬೇಡವೆಂದು.

ಫ್ರಿಜ್ಜು ಶುರುವಾದರೆ ಇದೂ ಗುಂಯ್ ಎನ್ನುತ್ತದೆ.
ಅರ್ಥಿಂಗ್ ಸರಿಯಿಲ್ಲ ಅಂತ ಯೋಗಾನಂದ,
ಓನರಿಗೆ ಹೇಳಬೇಕು ಅಂತ ನಾನು,
ಹೇಳಿದರೆ ಬಾಡಿಗೆ ಮಾತೆತ್ತುತ್ತಾನೆ ಅಂತ ಇಬ್ಬರೂ.
ಹೀಗೆ ನನ್ನ ಪ್ರತಿ ಸ್ವರದ ಕೆಳಗೂ
ಒಂದು ಫ್ರಿಜ್ಜಿದೆ.

ಒಂಬತ್ತೂವರೆಗೆ ಸಿಗುತ್ತದೆ ಇಪ್ಪತ್ತು ನಿಮಿಷ,
ಪಾತ್ರೆ ಮುಗಿದು, ನಾಳೆಯ ಡಬ್ಬಿಗೆ ಹುರುಳಿಕಾಯಿ ಹೆಚ್ಚಿಟ್ಟು,
ಬೆಳ್ಳುಳ್ಳಿ ಸುಲಿದ ಕೈ ತೊಳೆದ ಮೇಲೆ.
ವಾಸನೆ ಪೂರ್ತಿ ಹೋಗುವುದಿಲ್ಲ, ತಂತಿಗೆ ಹತ್ತುತ್ತದೆ.
ಎಲ್ಲಕ್ಕಿಂತ ದಪ್ಪದ್ದಕ್ಕೆ ಒಗ್ಗರಣೆ ತಂತಿ
ಎಂದು ಹೆಸರಿಟ್ಟಿದ್ದಾಳೆ ಇಂಚರ.
ಬೆರಳ ತುದಿಗಳು ಜಡ್ಡುಗಟ್ಟಿವೆ. ಲಾಭವೆಂದರೆ
ಇಡ್ಲಿ ತಟ್ಟೆ ಎತ್ತಲು ಈಗ ಬಟ್ಟೆ ಬೇಡ.

ಹಬ್ಬಕ್ಕೆ ಬಂದ ನಾದಿನಿ ಕೇಳಿದಳು,
ಗಿಟಾರಲ್ಲಿ ಎರಡು ತಂತಿ ಕಿತ್ತುಹೋಗಿದೆಯಲ್ಲಾ?
ಇಲ್ಲ, ಇದಕ್ಕಿರುವುದೇ ನಾಲ್ಕು.
ಮತ್ತೆ ಹಾಡು ಎಲ್ಲಿ ಇದರಲ್ಲಿ?
ಹಾಡು ಬೇರೆಯವರದು. ನಾನು ಅದು ನಿಲ್ಲುವ ನೆಲ.
ದಿನಾ ನೆಲ ಒರೆಸೋದು ಸಾಲದಾ ಅತ್ತಿಗೆ, ಎಂದಳು.
ನಕ್ಕುಬಿಟ್ಟೆ. ಜೋಕು ಚೆನ್ನಾಗಿತ್ತು.
ಮಲಗಿದ ಮೇಲೆ ಅಷ್ಟು ಚೆನ್ನಾಗಿರಲಿಲ್ಲ.

ತಿಂಗಳಿಗೊಂದು ಶನಿವಾರ ಕಮ್ಮನಹಳ್ಳಿ,
ಗಂಟೆಗೆ ನಾನೂರು ರೂಪಾಯಿಯ ಕೋಣೆ, ಗೋಡೆ ತುಂಬ ಮೊಟ್ಟೆ ಟ್ರೇ.
ಡ್ರಮ್ಸಿಗೆ ಜೋಯಲ್, ಗಿಟಾರಿಗೆ ಇಮ್ತಿಯಾಜ್.
ಕಳೆದ ತಿಂಗಳು ಮಗುವಿಗೆ ಜ್ವರ,
ಅದರ ಹಿಂದಿನದು ಪೇರೆಂಟ್ಸ್ ಮೀಟಿಂಗು.
ಇಮ್ತಿಯಾಜ್ ಮೆಸೇಜು ಹಾಕಿದ್ದ:
ನೀವಿಲ್ಲದೆ ನುಡಿಸಿದೆವು ಅಕ್ಕಾ, ಏನೋ ಒಂಥರಾ ಇತ್ತು.
ಏನೋ ಒಂಥರಾ.
ಮೆಜೆಸ್ಟಿಕ್ ಬರುವಷ್ಟರಲ್ಲಿ ಅದನ್ನು ನಾಲ್ಕು ಸಲ ಓದಿದೆ.

ಅತ್ತೆಗೆ ಕಿವಿ ಕೇಳುವುದಿಲ್ಲ.
ಇಪ್ಪತ್ತಾರು ವರ್ಷ ಮಿಲ್ಲಿನಲ್ಲಿ ನೂಲು ಸುತ್ತಿದವರು,
ಗೋಡೆಯಾಚೆ ಮುನ್ನೂರು ಮಗ್ಗ.
ಮಿಲ್ಲು ಮುಚ್ಚಿತು, ಸದ್ದು ನಿಂತಿತು,
ಅಷ್ಟರಲ್ಲಿ ಉಳಿದ ಸದ್ದುಗಳೂ ಹೊರಟುಹೋಗಿದ್ದವು.
ಮೆಷಿನ್ ಕೊಡಿಸಿದೆವು. ಕಿರಿಕಿರಿ ಎಂದು
ಸೂಜಿ ದಾರದ ಡಬ್ಬಿಯಲ್ಲಿಟ್ಟಿದ್ದಾರೆ.

ಮೊನ್ನೆ ರಾತ್ರಿ ಎದ್ದು ಬಂದರು, ಬರಿಗಾಲಲ್ಲಿ.
ನೀರಿಗೇನೋ ಅಂದುಕೊಂಡೆ.
ಇಸ್ತ್ರಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ
ಆಂಪ್ಲಿಫೈಯರಿನ ನೆತ್ತಿಯ ಮೇಲೆ ಅಂಗೈ ಇಟ್ಟರು,
ಜ್ವರ ನೋಡುವವರ ಹಾಗೆ.
ನಿಲ್ಲಿಸಿದೆ. ಹೂಂ ಹೂಂ, ಮಾಡು ಎಂದು ಗದ್ದ ಆಡಿಸಿದರು.

ನಮ್ಮ ಖಾತೆ ನೆಲ ಹೀಗೇ ಅದುರೋದು, ಅಂದರು ಜೋರಾಗಿ,
ಕೇಳದವರು ಮಾತಾಡುವಷ್ಟು ಜೋರಾಗಿ.
ಒಳಗೆ ಇಂಚರ ಮಗ್ಗುಲಾದಳು.
ಆಮೇಲೆ ಇನ್ನೊಂದು ಕೈಯ ತೋರುಬೆರಳಲ್ಲಿ
ಅಕ್ಕಿ ಡಬ್ಬದ ಮುಚ್ಚಳವನ್ನು ತಟ್ಟತೊಡಗಿದರು,
ಟಕ್, ಟಕ್, ಅವಸರವೇ ಇಲ್ಲದೆ.
ಓಡ್ತಿದೀಯ ನೀನು. ಮಗ್ಗ ಓಡಲ್ಲ.

ಎರಡು ವರ್ಷದಿಂದ ಜೋಯಲ್ ಹೇಳುತ್ತಿರುವುದೂ ಇದನ್ನೇ,
ಇಂಗ್ಲಿಷಿನಲ್ಲಿ.

ಅವರ ಬೆರಳಿನ ಹಿಂದೆ ಹಿಂದೆ ನಡೆದೆ,
ಒಂದೇ ಸಾಲು, ಎಷ್ಟು ಸಲವೋ.
ಅಷ್ಟರಲ್ಲಿ ಫ್ರಿಜ್ಜು ಶುರುವಾಯಿತು.
ಅಂಗೈ ಎತ್ತಿದರು, ಮತ್ತೆ ಇಟ್ಟರು.
ಇದ್ಯಾರು ಇನ್ನೊಬ್ಬರು?
ಫ್ರಿಜ್ಜು ಅತ್ತೆ, ಅಂದೆ. ಕೇಳಿಸಲಿಲ್ಲ.
ಎದ್ದು ಬಾಗಿಲು ತೆಗೆದು ತೋರಿಸಿದೆ,
ನಾಲ್ಕು ಪಾದಗಳ ಮೇಲೆ ಹಳದಿ ಬೆಳಕು ಬಿತ್ತು.
ಒಳಗೆ ಬಗ್ಗಿ ನೋಡಿ ಕೇಳಿದರು,
ಹಾಲಿಗೆ ಹೆಪ್ಪು ಹಾಕ್ಲಿಲ್ವೇನೇ?

ಹಾಕಿರಲಿಲ್ಲ.